ಬೀಗ ಹಾಕಿದ ಮನೆ

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ನಮ್ಮ ಸೀಮೆಯ ಕಥೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಜೋಳದ ಹಿಟ್ಟಿನ ಚೀಲ, ಖಡಕ್ ರೊಟ್ಟಿಯ ಗಂಟು, ಪಾತ್ರೆ ತುಂಬಿದ ಪ್ಲಾಸ್ಟಿಕ್ ಕೊಡ, ಸುತ್ತಿಟ್ಟ ಕೌದಿ, ಸೊಂಟದ ಮೇಲೊಂದು ಕೂಸು. ಮಂಗಳೂರಿಗೋ ಉಡುಪಿಗೋ ಗೋವಾಕ್ಕೋ ಬೆಂಗಳೂರಿಗೋ ಹೊರಡುವ ರಾತ್ರಿ ಬಸ್ಸಿಗಾಗಿ ಇಡೀ ಇಡೀ ಸಂಸಾರಗಳು ಕಾದು ಕುಳಿತಿರುತ್ತವೆ. ನಮ್ಮ ಕಡೆ ಇದಕ್ಕೆ 'ಗುಳೆ' ಎನ್ನುತ್ತಾರೆ. ಎರಡಕ್ಷರದ ಆ ಮಾತಿನಲ್ಲಿ ಬಿತ್ತಿದ್ದು ಬೆಳೆಯದ ಹೊಲ, ತೀರದ ಸಾಲ, ಮೇಸ್ತ್ರಿ ಕೊಟ್ಟ ಮುಂಗಡ, ಅಜ್ಜಿಯ ಬಳಿ ಬಿಟ್ಟುಹೋದ ಮಗು, ಎಲ್ಲವೂ ಅಡಗಿವೆ.

ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಕೊಪ್ಪಳ ಜಿಲ್ಲೆ ರೂಪುಗೊಂಡಾಗ ಎರಡು ಬಗೆಯ ನೆಲಗಳು ಒಂದೇ ಹೆಸರಿನಡಿ ಬಂದವು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ ಭತ್ತದ ಸೀಮೆ. ಬಹುಪಾಲು ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಒಣಭೂಮಿ. 1953ರಲ್ಲಿ ಅಣೆಕಟ್ಟಿನ ನೀರು ಹರಿದ ಬಳಿಕ ಆಂಧ್ರದ ರೈತರು ಗಂಗಾವತಿಯ ಕಡೆಗೆ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಇನ್ನೂ ಮುಂದೆ ಸಿಂಧನೂರಿನ ಬಳಿ, ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳು ಇಂದಿಗೂ ಇವೆ. ಹೀಗೆ ನಮ್ಮ ಸೀಮೆಯ ಒಂದು ಮಗ್ಗುಲಿಗೆ ಜನ ಬಂದು ನೆಲೆಸಿದ್ದಾರೆ. ಇನ್ನೊಂದು ಮಗ್ಗುಲಿನಿಂದ ಜನ ಎದ್ದು ಹೋಗುತ್ತಿದ್ದಾರೆ. ಪರಸ್ಥಳದವರು ಎಂದರೆ ಯಾರು ಎಂದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಬಹುಕಾಲ ಶಿಕ್ಷಕಿಯಾಗಿದ್ದೆ. ಪ್ರತಿ ಚಳಿಗಾಲದಲ್ಲಿ ಹಾಜರಿ ಪುಸ್ತಕದ ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ 'ಗುಳೆ' ಎಂದು ಬರೆಯುತ್ತಿದ್ದೆ. ಹಾಗೆ ಬರೆದೊಡನೆ ಆ ಮಗುವಿನ ಬಗೆಗಿನ ನನ್ನ ಹೊಣೆ ತೀರಿತೆಂಬ ಸಮಾಧಾನವೊಂದು ಮನಸ್ಸಿಗೆ ಬರುತ್ತಿತ್ತು. ಆ ಸಮಾಧಾನ ಎಷ್ಟು ಸುಳ್ಳು ಎಂಬುದು ನಿವೃತ್ತಿಯ ನಂತರ ನನಗೆ ತಿಳಿಯಿತು. ಅದನ್ನೇ ಇಲ್ಲಿ ಹೇಳಿಕೊಳ್ಳಬೇಕೆಂದಿದ್ದೇನೆ.

2021ರ ಚಳಿಗಾಲ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಒಂದು ದಿನ ಮನೆಗೆ ಬಂದಳು. ಮೂವತ್ತು ವರ್ಷ ದಾಟಿದವರ ಹೆಸರುಗಳನ್ನು ಬರೆದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಅವರನ್ನು ಕಳುಹಿಸುವುದು ಅವಳ ಕೆಲಸ. ನಾನು ಕಟ್ಟೆಯ ಮೇಲೆ ಕುಳಿತು ಓಣಿಯ ಮನೆಗಳನ್ನು ಒಂದೊಂದಾಗಿ ಹೇಳುತ್ತಾ ಹೋದೆ. ಒಂದು ಮನೆ ಬಂದಾಗ, "ಅವರು ಮಂಗಳೂರಿಗೆ ಹೋಗ್ಯಾರ, ಬೀಗ ಅಂತ ಬರಿಯವ್ವಾ" ಎಂದೆ. ಅವಳು ಹಾಗೆಯೇ ಬರೆದುಕೊಂಡಳು. ಪಟ್ಟಿ ಮುಗಿಯಿತು, ಇಬ್ಬರೂ ಚಹಾ ಕುಡಿದೆವು. ಕೆಂಪು ಶಾಯಿಯ ಅದೇ ಹಳೆಯ ಸಮಾಧಾನ ಅಂದೂ ನನ್ನ ಮನಸ್ಸಿನಲ್ಲಿತ್ತು.

ಆ ಬೀಗದ ಮನೆಯ ತಾಯಿಯ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಅವಳ ಮಗ ನನ್ನಲ್ಲಿ ಓದಿದವನು. ಕರಾವಳಿಯಲ್ಲಿ ಗಂಡ ಗಾರೆ ಕೆಲಸ ಮಾಡಿದರೆ ಇವಳು ಕಲ್ಲು, ಮರಳು, ಸಿಮೆಂಟು ಹೊರುತ್ತಿದ್ದಳು. 2023ರ ಯುಗಾದಿಗೆ ಊರಿಗೆ ಬಂದವಳು ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕೋರ, ಯಾರ ಮುಂದೂ ಹೇಳಬ್ಯಾಡ್ರಿ. ಮುಟ್ಟಿಲ್ಲದ ದಿವಸಾನೂ ರಕ್ತ ಹೋಗತೈತಿ. ಬಿಳಿ ಹೋಗತೈತಿ, ವಾಸನಿ ಬರತೈತಿ. ವರಷ ಆಗಾಕ ಬಂತು."

"ಇಷ್ಟು ದಿವಸ ಯಾಕ ಸುಮ್ಮನಿದ್ದೆವ್ವಾ?"

"ಯಾರ ಮುಂದ ಹೇಳಲ್ರೀ?"

ಈ ಮರುಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ದಿನಗಳಲ್ಲಿ ಅವಳು ಒಂದೊಂದಾಗಿ ಹೇಳಿಕೊಂಡ ಸಂಗತಿಗಳಿಂದ ಅದರ ಅರ್ಥ ಬಿಡಿಸಿಕೊಂಡೆ. ತಗಡಿನ ಶೆಡ್ಡಿನಲ್ಲಿ ನಾಲ್ಕು ಸಂಸಾರಗಳ ವಾಸ, ನಡುವೆ ಸೀರೆಯೇ ಗೋಡೆ. ದೇಹದ ಮಾತನ್ನು ಪಿಸುಗುಟ್ಟಲೂ ಅಲ್ಲಿ ಮೂಲೆಯಿಲ್ಲ. ಒಂದು ದಿನ ಆಸ್ಪತ್ರೆಗೆ ಹೋದರೆ ಅಂದಿನ ಕೂಲಿ ಇಲ್ಲ. ಜೊತೆಗೆ ಬಂದ ಗಂಡನ ಕೂಲಿಯೂ ಇಲ್ಲ. ಹೋದ ಒಂದೇ ಸಲವೂ ಚೀಟಿ ಮಾಡಿಸುವಲ್ಲಿ ಕೇಳಿದ ತುಳು ಮಾತು ಅವಳಿಗೆ ತಿಳಿಯಲಿಲ್ಲ. ಒಳಗೆ ಗಂಡಸು ವೈದ್ಯರನ್ನು ಕಂಡು, ತಲೆನೋವೆಂದು ಹೇಳಿ ಗುಳಿಗೆ ತೆಗೆದುಕೊಂಡು ಬಂದುಬಿಟ್ಟಳಂತೆ. ಕೆಲಸದ ಜಾಗದ ಸುತ್ತಲಿನ ಮನೆಗಳಿಗೆ ಆರೋಗ್ಯದವರು ಬಂದು ಹೋಗುತ್ತಿದ್ದರು. ಕಟ್ಟುತ್ತಿರುವ ಕಟ್ಟಡಕ್ಕೆ ಮನೆ ನಂಬರಿಲ್ಲ. ಆದ್ದರಿಂದ ಅದರೊಳಗಿದ್ದವರು ಯಾರ ಪಟ್ಟಿಗೂ ಸೇರಲಿಲ್ಲ. ಒಬ್ಬರು ಮಾತ್ರ ನಿಂತು ವಿಚಾರಿಸಿದರಂತೆ. ರೇಷನ್ ಕಾರ್ಡ್ ಯಾವ ಊರಿನದೆಂದು ತಿಳಿದು, "ಹಾಗಾದರೆ ನಿಮ್ಮೂರಲ್ಲೇ ತೋರಿಸಿ" ಎಂದು ಹೇಳಿ ಹೋದರಂತೆ. ಊರಿನಲ್ಲಿ ನಾನು 'ಬೀಗ' ಎಂದು ಬರೆಸಿದ್ದೆ.

ಪ್ರಿಯ ಓದುಗರೇ, ಇಲ್ಲಿ ಯಾರನ್ನೂ ದುಷ್ಟರೆನ್ನುವ ಹಾಗಿಲ್ಲ. ಆಶಾ ಕಾರ್ಯಕರ್ತೆ ತನ್ನ ಕೆಲಸ ಮಾಡಿದ್ದಳು. ಅಲ್ಲಿಯವರು ತಮ್ಮ ಪಟ್ಟಿಯನ್ನು ಪೂರ್ತಿ ಮಾಡಿದ್ದರು. ಎರಡು ಪಟ್ಟಿಗಳೂ ಸರಿಯಾಗಿದ್ದವು. ನಡುವೆ ಒಬ್ಬ ಹೆಣ್ಣುಮಗಳು ಬಿಟ್ಟುಹೋಗಿದ್ದಳು. ನಾವು ಲೆಕ್ಕ ಹಾಕುವುದು ಮನೆಗಳನ್ನು. ಗುಳೆ ಹೋದವರಿಗೆ ಮನೆಯಿರುವಲ್ಲಿ ಬದುಕಿಲ್ಲ, ಬದುಕಿರುವಲ್ಲಿ ಮನೆಯಿಲ್ಲ.

ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದೆವು. ರೋಗ ಗರ್ಭಕೊರಳನ್ನು ದಾಟಿ ಸುತ್ತಲಿನ ಭಾಗಗಳಿಗೆ ಹರಡಿತ್ತು. ವಾರಕ್ಕೆ ಐದು ದಿನದಂತೆ ಆರು ವಾರ ಕಿರಣ ಚಿಕಿತ್ಸೆ ನಡೆಯಿತು. ಚಿಕಿತ್ಸೆಯ ವೆಚ್ಚವನ್ನು ಆಯುಷ್ಮಾನ್ ಕಾರ್ಡ್ ಭರಿಸಿತು. ಕೋಣೆಯ ಬಾಡಿಗೆ, ಊಟ, ನಿಂತುಹೋದ ಕೂಲಿ ಇವುಗಳನ್ನು ಯಾವ ಕಾರ್ಡೂ ಭರಿಸಲಾರದು. ಅವಳು ಹದಿನಾಲ್ಕು ತಿಂಗಳು ಬದುಕಿದ್ದು 2024ರ ಮೇ ತಿಂಗಳಲ್ಲಿ ತೀರಿಕೊಂಡಳು. ಆ ಚಳಿಗಾಲದಲ್ಲೇ ತಪಾಸಣೆ ಆಗಿದ್ದರೆ ಉಳಿಯುತ್ತಿದ್ದಳೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಉಳಿಯುವ ದಾರಿಯೊಂದು ಇತ್ತು, ಅದು ಅವಳವರೆಗೆ ಬರಲಿಲ್ಲ ಎಂಬುದನ್ನು ಬಲ್ಲೆ.

ಆ ದಾರಿ ಯಾವುದೆಂಬುದನ್ನು ನಮ್ಮ ಕುಟುಂಬಗಳು ತಿಳಿದಿರಬೇಕು. ಗರ್ಭಕೊರಳಿನ ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಎಚ್.ಪಿ.ವಿ. ಎಂಬ ವೈರಸ್ಸಿನ ಸೋಂಕು ಬಹುಮಂದಿಗೆ ತಗಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗಿ ಬೆಳೆಯುತ್ತದೆ. ಇಷ್ಟು ದೀರ್ಘವಾದ ಎಚ್ಚರಿಕೆಯ ಕಾಲವನ್ನು ಕೊಡುವ ಮಾರಕ ರೋಗಗಳು ವಿರಳ. 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಬಾಯಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡುತ್ತಾರೆ. ಎಲೆಅಡಿಕೆ, ತಂಬಾಕು, ಗುಟ್ಕಾದ ಅಭ್ಯಾಸವಿರುವ ಗಂಡಸರಿಗೂ ಹೆಂಗಸರಿಗೂ ಇದು ಅತ್ಯಗತ್ಯ. ತರಬೇತಿ ಪಡೆದ ದಾದಿಯರು ಸ್ತನವನ್ನು ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಗರ್ಭಕೊರಳಿಗೆ, ಅಡುಗೆಯ ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದ ಕಡೆ ಬಿಳಿಯ ಕಲೆ ಕಾಣುತ್ತದೆ. ಮುಟ್ಟು ನಿಂತವರಿಗೆ ಈ ಕ್ರಮ ಅಷ್ಟು ಹೊಂದದಿರುವುದರಿಂದ, ಜೀವಕೋಶಗಳ ಮಾದರಿ ತೆಗೆದು ನೋಡುತ್ತಾರೆ ಇಲ್ಲವೆ ಎಚ್.ಪಿ.ವಿ. ಪರೀಕ್ಷೆ ಮಾಡುತ್ತಾರೆ. ಕಲೆ ಕಂಡ ಮಾತ್ರಕ್ಕೆ ಅದು ಕ್ಯಾನ್ಸರಲ್ಲ. ಗರ್ಭಕೋಶವನ್ನೇ ತೆಗೆದುಬಿಡುತ್ತಾರೆಂದು ನಮ್ಮ ಹೆಣ್ಣುಮಕ್ಕಳು ಅಂಜುತ್ತಾರೆ. ಆರಂಭದಲ್ಲೇ ಸಿಕ್ಕರೆ ಆ ಭಾಗವನ್ನಷ್ಟೇ ತಣ್ಣಗೆ ಹೆಪ್ಪುಗಟ್ಟಿಸಿಯೋ ಸುಟ್ಟೋ ವಾಸಿ ಮಾಡಬಹುದು.

ಇಷ್ಟು ಸರಳವಾದ ಕೆಲಸ ಎಷ್ಟು ಜನರನ್ನು ಮುಟ್ಟಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕೊರಳಿನ ತಪಾಸಣೆಯನ್ನು ಎಂದಾದರೂ ಮಾಡಿಸಿಕೊಂಡವರು ಶೇಕಡ 1.9 ಮಾತ್ರ. ಸ್ತನ ಮತ್ತು ಬಾಯಿಯ ತಪಾಸಣೆ ಆದವರು ತಲಾ ಶೇಕಡ 0.9. ಮನೆಯಲ್ಲಿಯೇ ಇರುವ ಹೆಣ್ಣುಮಕ್ಕಳ ಸ್ಥಿತಿಯೇ ಹೀಗಿರುವಾಗ ಗುಳೆ ಹೋದವರ ಗತಿಯೇನು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 80,000 ಮಹಿಳೆಯರು ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತರು.

ಬಡವರ ನಾಡಿನಲ್ಲಿ ಇದು ಆಗದ ಮಾತು ಎನ್ನುವವರಿಗೆ ನಮ್ಮ ನೆರೆಯಲ್ಲೇ ಉತ್ತರವಿದೆ. ಕಲಬುರಗಿ, ಬೀದರ್ ಜಿಲ್ಲೆಗಳಿಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ, ನಮ್ಮಂತೆಯೇ ಬರ ಕಂಡ ಜಿಲ್ಲೆ. ಅಲ್ಲಿಯ ಹಳ್ಳಿಗಳ 30ರಿಂದ 59 ವರ್ಷದ 1,31,000ಕ್ಕೂ ಹೆಚ್ಚು ಮಹಿಳೆಯರ ನಡುವೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಕೇವಲ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಹಳ್ಳಿಗಳಲ್ಲಿ ಎಂಟು ವರ್ಷಗಳ ಅವಧಿಯಲ್ಲಿ ಈ ರೋಗದಿಂದಾದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಬಾಯಿಯ ಕ್ಯಾನ್ಸರಿನ ಬಗ್ಗೆಯೂ ತಿರುವನಂತಪುರದಲ್ಲಿ ಇಂಥದೇ ಅಧ್ಯಯನ ನಡೆದು, ತಂಬಾಕು ಮದ್ಯಗಳ ಅಭ್ಯಾಸವಿದ್ದವರ ಬಾಯಿಯನ್ನು ಆಗಾಗ ನೋಡಿದ ಮಾತ್ರದಿಂದಲೇ ಅವರಲ್ಲಿ ಸಾವು ಸುಮಾರು ಮೂರನೆಯ ಒಂದು ಪಾಲು ತಗ್ಗಿದ್ದು 2005ರಲ್ಲಿ ತಿಳಿದುಬಂತು. ಇದನ್ನು ಸಾಧಿಸಿದವರಲ್ಲಿ ಬಾಗಿಲು ಬಾಗಿಲಿಗೆ ಹೋದ ಸಾಮಾನ್ಯ ಆರೋಗ್ಯ ಕಾರ್ಯಕರ್ತರ ಪಾಲು ದೊಡ್ಡದು.

ಬಡತನವೊಂದೇ ಅಡ್ಡಿಯೆಂದು ತಿಳಿದರೂ ತಪ್ಪಾದೀತು. ಬ್ರಿಟನ್, ಕೆನಡಾದಂಥ ಸಿರಿವಂತ ದೇಶಗಳಲ್ಲಿ ಈ ತಪಾಸಣೆಗೆ ಹಣ ಕೊಡಬೇಕಾಗಿಲ್ಲ. ಆದರೂ ನಮ್ಮ ಉಪಖಂಡದಿಂದ ಅಲ್ಲಿಗೆ ವಲಸೆ ಹೋದ ಹೆಣ್ಣುಮಕ್ಕಳು ತಪಾಸಣೆಗೆ ಬರುವುದು ಉಳಿದವರಿಗಿಂತ ಕಡಿಮೆ ಎಂದು ಅಲ್ಲಿಯ ವೈದ್ಯರು ಮತ್ತೆ ಮತ್ತೆ ಬರೆದಿದ್ದಾರೆ. ಭಾಷೆ ತಿಳಿಯದು, ವೈದ್ಯೆ ಹೆಣ್ಣಲ್ಲವೇನೋ ಎಂಬ ಸಂಕೋಚ, ನೋವಿಲ್ಲದ ಮೇಲೆ ರೋಗವೆಲ್ಲಿ ಎಂಬ ನಂಬಿಕೆ, ತಿಳಿದವರು ಏನೆಂದಾರೋ ಎಂಬ ಅಂಜಿಕೆ, ಇವೇ ಕಾರಣಗಳು. ಕಡಲಾಚೆಯ ವಿದ್ಯಾವಂತೆ ಸೋದರಿಗೂ ತಗಡಿನ ಶೆಡ್ಡಿನ ನಮ್ಮ ತಾಯಿಗೂ ನಾಲಿಗೆ ಕಟ್ಟಿದ್ದು ಒಂದೇ ಹಗ್ಗ.

ಆ ಹಗ್ಗ ನನ್ನನ್ನೂ ಕಟ್ಟಿತ್ತು. ಹುಬ್ಬಳ್ಳಿಯಲ್ಲಿ ಒಂದು ಮಧ್ಯಾಹ್ನ ಅವಳ ಹಾಸಿಗೆಯ ಬಳಿ ಕುಳಿತು ನಾನು ಉಪದೇಶ ಮಾಡುತ್ತಿದ್ದೆ. ನಿನ್ನ ನೆಗೆಣ್ಣಿಯನ್ನು, ಮಗಳನ್ನು ತಪ್ಪದೆ ತಪಾಸಣೆಗೆ ಕಳಿಸಬೇಕೆಂದು ಹೇಳುತ್ತಿದ್ದೆ. ಅವಳು ಎಲ್ಲವನ್ನೂ ಕೇಳಿ, ಯಾವ ಕೊಂಕೂ ಇಲ್ಲದೆ, "ನೀವು ಮಾಡಿಸೀರೇನ್ರೀ ಅಕ್ಕೋರ?" ಎಂದಳು.

ನಾನು ಮಾಡಿಸಿರಲಿಲ್ಲ. ನನಗೆ ಪಿಂಚಣಿಯಿತ್ತು, ಓದು ಬರಹವಿತ್ತು, ಕೊಪ್ಪಳಕ್ಕೆ ಹೋಗಿಬರಲು ಬಸ್ಸಿತ್ತು, ಕನ್ನಡದಲ್ಲಿಯೇ ಮಾತನಾಡುವ ವೈದ್ಯೆಯರಿದ್ದರು. ಹೊರಗಿನ ಯಾವ ಅಡ್ಡಿಯೂ ನನಗಿರಲಿಲ್ಲ. ಆದರೂ ಅರುವತ್ತೆರಡು ವರ್ಷದವರೆಗೆ, 'ನನಗೇಕೆ ಅದು' ಎಂದುಕೊಂಡು ಮುಂದೂಡುತ್ತಾ ಬಂದಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ ಮತ್ತು ಭಯ. ಅಂದು ನಾನು ಉತ್ತರ ಕೊಡದೆ ಕಿಟಕಿಯ ಕಡೆ ನೋಡಿದೆ. ಅವಳು ನನ್ನ ಕೈಹಿಡಿದು, "ಅಂಜಬ್ಯಾಡ್ರಿ, ನೋವೇನೂ ಆಗಂಗಿಲ್ಲ" ಎಂದು ನನಗೇ ಸಮಾಧಾನ ಹೇಳಿದಳು.

ಅಂದು ರಾತ್ರಿ ಸಂತ ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯವನ್ನು ತೆರೆದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಆ ಸ್ತ್ರೀಯ ವೃತ್ತಾಂತವನ್ನು ಎಷ್ಟೋ ಸಲ ಬಲಿಪೂಜೆಯಲ್ಲಿ ಕೇಳಿದ್ದೆ. ಅವಳ ನಂಬಿಕೆಯನ್ನು ಕೊಂಡಾಡುವ ಪ್ರಬೋಧನೆಗಳನ್ನೂ ಕೇಳಿದ್ದೆ. ಅವಳು ಹಿಂದಿನಿಂದ ಬಂದಳು ಎಂಬ ಮಾತು ಮಾತ್ರ ಅಂದು ಮೊದಲ ಬಾರಿಗೆ ನನ್ನನ್ನು ತಡೆದು ನಿಲ್ಲಿಸಿತು. ನಮ್ಮ ತಾಯಿಯೂ ಹಿತ್ತಲ ಬಾಗಿಲಿನಿಂದಲೇ ಬಂದಿದ್ದಳು. ಆ ಸ್ತ್ರೀ ತನ್ನ ಹಣವನ್ನೆಲ್ಲ ವೈದ್ಯರಿಗೆ ಸುರಿದಿದ್ದಳು, ಧರ್ಮಶಾಸ್ತ್ರದ ಕಣ್ಣಿನಲ್ಲಿ ಅಶುದ್ಧಳಾಗಿದ್ದಳು, ಯಾರನ್ನೂ ಬಹಿರಂಗವಾಗಿ ಕೇಳುವ ಹಾಗಿರಲಿಲ್ಲ. ಪ್ರಭು ಆಗ ಊರಿನ ಗಣ್ಯನಾದ ಯಾಯಿರನ ಮನೆಗೆ ಅವಸರದಿಂದ ಹೊರಟಿದ್ದರು. ಅಲ್ಲಿ ಒಂದು ಮಗು ಸಾಯುವ ಸ್ಥಿತಿಯಲ್ಲಿತ್ತು. ಅಂಥ ಅವಸರದಲ್ಲೂ ಅವರು ನಿಂತರು, ತಿರುಗಿ ನೋಡಿದರು, ಯಾರು ಮುಟ್ಟಿದವರೆಂದು ಕೇಳಿದರು. ಅವಳು ಆಗಲೇ ಗುಣವಾಗಿದ್ದಳು. ಹಾಗಿದ್ದರೂ ಜನಜಂಗುಳಿಯಲ್ಲಿ ಹೆಸರಿಲ್ಲದೆ ಕರಗಿಹೋಗಲು ಪ್ರಭು ಅವಳನ್ನು ಬಿಡಲಿಲ್ಲ. ಅವಳು ತನ್ನ ಕಥೆಯನ್ನೆಲ್ಲ ಹೇಳಿಕೊಳ್ಳುವವರೆಗೆ ಕಾದರು. ಅನಂತರ ಮಗಳೇ ಎಂದು ಕರೆದರು. "ಯಾರ ಮುಂದ ಹೇಳಲ್ರೀ?" ಎಂಬ ಪ್ರಶ್ನೆಗೆ ಶುಭಸಂದೇಶ ಕೊಡುವ ಉತ್ತರ ಆ ನಿಲುಗಡೆಯೇ ಅಲ್ಲವೆ?

ಮುಂದಿನ ತಿಂಗಳು ನಾನು ಕೊಪ್ಪಳಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ವೈದ್ಯೆ ಗರ್ಭಕೊರಳಿನಿಂದ ಜೀವಕೋಶಗಳ ಮಾದರಿ ತೆಗೆದರು. ಐದು ನಿಮಿಷವೂ ಹಿಡಿಯಲಿಲ್ಲ. ಇದಕ್ಕೆ 'ಪ್ಯಾಪ್' ಪರೀಕ್ಷೆ ಎಂಬ ಹೆಸರೇಕೆಂದು ಆಮೇಲೆ ಓದಿ ತಿಳಿದೆ. ಜಾರ್ಜ್ ಪಾಪನಿಕೊಲಾವ್ ಎಂಬ ಗ್ರೀಕ್ ವೈದ್ಯ 1913ರಲ್ಲಿ ಹೆಂಡತಿಯೊಡನೆ ಅಮೆರಿಕಕ್ಕೆ ವಲಸೆ ಹೋದಾಗ ಅವರಿಗೆ ಅಲ್ಲಿಯ ಭಾಷೆ ಬರುತ್ತಿರಲಿಲ್ಲ. ಹೊಟ್ಟೆಪಾಡಿಗಾಗಿ ಆತ ಅಂಗಡಿಯೊಂದರಲ್ಲಿ ಜಮಖಾನೆ ಮಾರಿದರೆ ಹೆಂಡತಿ ಆಂಡ್ರೊಮಾಕೆ ಗುಂಡಿ ಹೊಲಿದಳು. ಮುಂದೆ ಆತ ಈ ಪರೀಕ್ಷೆಯನ್ನು ರೂಪಿಸುವಾಗ ವರ್ಷಗಟ್ಟಲೆ ತನ್ನ ದೇಹದಿಂದ ಮಾದರಿ ಕೊಟ್ಟವಳು ಅವಳೇ. ಜಗತ್ತಿನ ಲಕ್ಷಾಂತರ ತಾಯಂದಿರನ್ನು ಉಳಿಸಿದ ಪರೀಕ್ಷೆ, ನಾಡು ಬಿಟ್ಟು ದುಡಿಯಲು ಹೋದ ಒಂದು ಸಂಸಾರದ ಕೊಡುಗೆ. ಗುಳೆ ಹೋದವರಿಂದ ಬಂದದ್ದು ಗುಳೆ ಹೋದವರಿಗೇ ಸಿಗದಿರುವುದು ಎಂಥ ಅನ್ಯಾಯ!

2024ರಲ್ಲಿ ರಾಜ್ಯ ಸರ್ಕಾರ 'ಗೃಹ ಆರೋಗ್ಯ' ಯೋಜನೆಯನ್ನು ಕೋಲಾರದಲ್ಲಿ ಆರಂಭಿಸಿತು. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳೂ ಅದರ ತಪಾಸಣೆಯ ಪಟ್ಟಿಯಲ್ಲಿವೆ. ಮನೆಬಾಗಿಲಿಗೆ ಆರೋಗ್ಯ ಬರುವುದು ಒಳ್ಳೆಯದೇ. ಆದರೆ ಬಾಗಿಲಿಗೆ ಬೀಗವಿದ್ದರೆ? ಇಲ್ಲಿ ನೆರೆಹೊರೆಯವರಾದ ನಮ್ಮ ಕೆಲಸ ಆರಂಭವಾಗುತ್ತದೆ. ಗುಳೆ ಹೋದವರು ಊರಿಗೆ ಯಾವಾಗ ಬರುತ್ತಾರೆಂದು ನಮಗೆ ಗೊತ್ತು. ಯುಗಾದಿಗೆ, ಜಾತ್ರೆಗೆ, ಮದುವೆಗೆ ಬರುತ್ತಾರೆ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ತಪಾಸಣೆಯ ಶಿಬಿರಗಳು ಆ ದಿನಗಳಲ್ಲೇ ನಡೆಯಲೆಂದು ಆರೋಗ್ಯ ಕೇಂದ್ರದವರನ್ನು ನಾವು ಕೇಳಿಕೊಳ್ಳಬಹುದು. ಫೆಬ್ರವರಿ 11ರ ರೋಗಿಗಳ ವಿಶ್ವದಿನವನ್ನೂ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರದ ವಲಸಿಗರ ಹಾಗೂ ನಿರಾಶ್ರಿತರ ದಿನವನ್ನೂ ನಮ್ಮ ಧರ್ಮಸಭೆ ಆಚರಿಸುತ್ತದೆ. ಈ ಎರಡು ದಿನಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಮನಸ್ಸು ನಮಗೆ ಬರಬೇಕು. ಕಿರುಸಮುದಾಯದ ಒಬ್ಬ ತಾಯಿ ಜೊತೆಗೆ ಹೋದರೆ, ಇನ್ನೊಬ್ಬಳು ಅಷ್ಟು ಹೊತ್ತು ಕೂಸನ್ನು ನೋಡಿಕೊಂಡರೆ, ಮತ್ತೊಬ್ಬರು ಅಂದಿನ ಕೂಲಿಯನ್ನು ಕೊಟ್ಟರೆ ಅರ್ಧ ಅಡ್ಡಿಗಳು ಅಲ್ಲಿಗೇ ಬೀಳುತ್ತವೆ. ಎಚ್.ಪಿ.ವಿ. ಪರೀಕ್ಷೆಗೆ ಮಹಿಳೆ ತಾನೇ ಮಾದರಿ ತೆಗೆದುಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿದೆ. ಅದು ನಮ್ಮ ಹಳ್ಳಿಗಳಿಗೂ ಬಂದರೆ ನಾಚಿಕೆಯ ಅಡ್ಡಿಯೂ ಬಹಳಷ್ಟು ತಗ್ಗೀತು.

ಕರಾವಳಿಯಲ್ಲಿ, ಬೆಂಗಳೂರಿನಲ್ಲಿ ನಮ್ಮಲ್ಲಿ ಅನೇಕರಿಗೆ ಬಂಧುಗಳಿದ್ದಾರೆ. ಅವರ ಮನೆಯ ಪಕ್ಕದಲ್ಲಿ ಏಳುವ ಕಟ್ಟಡದ ಶೆಡ್ಡಿನಲ್ಲಿ ನಮ್ಮ ಊರವರೇ ಇರಬಹುದು. ಆರೋಗ್ಯದವರು ಬಂದಾಗ, "ಅಲ್ಲಿಯೂ ನಾಲ್ಕು ಜನ ಹೆಂಗಸರಿದ್ದಾರೆ" ಎಂದು ಬೆರಳು ತೋರಿಸಲು ಹೇಳೋಣ. ಹಾಗೆಯೇ ಗಂಗಾವತಿಯ ಗದ್ದೆಗಳಿಗೆ ನಾಟಿಗೆಂದು ಬರುವ ಹೆಣ್ಣುಮಕ್ಕಳನ್ನು, ಕ್ಯಾಂಪುಗಳಲ್ಲಿ ಬೇರೆ ಭಾಷೆಯಾಡುವ ನೆರೆಯವರನ್ನು ನಾವು ಕೇಳೋಣ. ನಮ್ಮವರನ್ನು ಅಲ್ಲಿ ಯಾರಾದರೂ ಕೇಳಲಿ ಎಂದು ಬಯಸುವವರು ಇಲ್ಲಿಗೆ ಬಂದವರನ್ನು ಕೇಳದೆ ಇರುವುದು ಹೇಗೆ?

ಅವಳು ತೀರಿಹೋದ ವರ್ಷದ ಪಂಚಮಿಗೆ ಅವಳ ನೆಗೆಣ್ಣಿ ಊರಿಗೆ ಬಂದಿದ್ದಳು. ನಾನು ನನ್ನ ಚೀಟಿಯನ್ನು ತೋರಿಸಿ, "ನಾ ಮಾಡಿಸೀನಿ, ನಡಿ ನೀನೂ" ಎಂದೆ. ಬೇರೆ ಉಪದೇಶ ಬೇಕಾಗಲಿಲ್ಲ. ಅವಳ ಜೊತೆಗೆ ಓಣಿಯ ಇನ್ನೂ ಮೂವರು ಬಂದರು. ಒಬ್ಬಳಿಗೆ ಬಿಳಿಯ ಕಲೆ ಕಂಡು, ಮುಂದಿನ ಪರೀಕ್ಷೆಯಾಗಿ, ಅಲ್ಲಿಯೇ ಚಿಕಿತ್ಸೆಯೂ ಆಯಿತು. ಅವಳಿಗೆ ಕ್ಯಾನ್ಸರ್ ಇರಲಿಲ್ಲ. ಮುಂದೆ ಆಗಬಹುದಾಗಿದ್ದುದು ತಪ್ಪಿತು.

ಆ ವರ್ಷದ ದೀಪಾವಳಿ ಮುಗಿದ ಮೇಲೆ ಅವರನ್ನು ಕಳುಹಿಸಲು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಆಧಾರ್, ರೇಷನ್ ಕಾರ್ಡ್ ಇಟ್ಟ ಪ್ಲಾಸ್ಟಿಕ್ ಚೀಲದಲ್ಲಿ ತಪಾಸಣೆಯ ಚೀಟಿಯನ್ನೂ ಮಡಿಚಿ ಇಟ್ಟುಕೊಂಡಿದ್ದನ್ನು ನೆಗೆಣ್ಣಿ ನನಗೆ ತೋರಿಸಿದಳು. ಬಸ್ಸು ಹೊರಟಿತು. ಮರುದಿನ ಅವರ ಮನೆಗೆ ಮತ್ತೆ ಬೀಗ ಬಿದ್ದಿತ್ತು. ಆದರೆ ಈಗ ನನ್ನ ಬಳಿಯೂ ಒಂದು ಪುಸ್ತಕವಿದೆ. ಅದರಲ್ಲಿ ಅವರ ಹೆಸರು, ಫೋನ್ ನಂಬರು, ಮುಂದಿನ ತಪಾಸಣೆಯ ವರ್ಷ ಬರೆದಿವೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಒಳ್ಳೆಯ ಕುರುಬನಿಗೆ ಲೆಕ್ಕ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಒಂದು ಕಡಿಮೆಯಾದದ್ದು ಅವನಿಗೆ ತಿಳಿಯಿತು. ಕಡಿಮೆಯಾದವರನ್ನು ಕಾಣುವ ಕಣ್ಣನ್ನು ಆತನೇ ನಮಗೆ ಕೊಡಲಿ. 'ಬೀಗ' ಎಂದು ಬರೆದು ಪುಸ್ತಕ ಮುಚ್ಚುವ ಮೊದಲು, ಆ ಮನೆಯವರು ಎಲ್ಲಿದ್ದಾರೆಂದು ಒಮ್ಮೆ ಕೇಳುವ ಮನಸ್ಸನ್ನೂ ಕೊಡಲಿ.